ಬಿಚ್ಚಿಕೊಂಡ ಬ್ಯಾಕ್ಸ್ ಅನ್ನು ಮಾತ್ರ ಹಿಡಿಯುವ ಆಂಟಿಬಾಡಿ: 6ಎ7 ಜೊತೆ ನನ್ನ ಅನುಭವ

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಕ್ಯಾನ್ಸರ್ ಕೋಶಗಳು ಹೇಗೆ ಸಾಯುತ್ತವೆ ಅನ್ನೋದು ನನ್ನ ವಿಷಯ. ನಮ್ಮ ಕೆಮಿಸ್ಟ್ರಿ ವಿಭಾಗದವರು ಮಾಡಿಕೊಟ್ಟ ಒಂದು ಹೊಸ ಸಂಯುಕ್ತ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿ ಕೊಲ್ಲುತ್ತಿತ್ತು. ಕೊಲ್ಲೋದು ದೊಡ್ಡ ವಿಷಯ ಏನಲ್ಲ, ಜಾಸ್ತಿ ಹಾಕಿದರೆ ಉಪ್ಪೂ ಕೋಶವನ್ನು ಕೊಲ್ಲುತ್ತದೆ. ಯಾವ ದಾರಿಯಲ್ಲಿ ಕೊಲ್ಲುತ್ತಿದೆ ಅನ್ನೋದು ಗೊತ್ತಾಗಬೇಕಿತ್ತು. ಅದಕ್ಕಾಗಿ ಬ್ಯಾಕ್ಸ್ ಅನ್ನೋ ಪ್ರೋಟೀನ್‌ಗೆ 6ಎ7 ಅನ್ನೋ ಒಂದು ಆಂಟಿಬಾಡಿ, ಅಂದರೆ ಅದನ್ನು ಗುರುತಿಸಿ ಅಂಟಿಕೊಳ್ಳುವ ಇನ್ನೊಂದು ಪ್ರೋಟೀನ್, ತರಿಸಿದೆವು. ಆ ಆಂಟಿಬಾಡಿಯನ್ನು ನಂಬಬಹುದು ಅನ್ನೋ ಹಂತಕ್ಕೆ ಬರೋಕೆ ನಾವು ಏನೇನು ಮಾಡಿದೆವು ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಈ ತರದ ಲ್ಯಾಬ್ ಕೆಲಸದ ಬಗ್ಗೆ ಬರೆದಿರೋದು ತುಂಬಾ ಕಡಿಮೆ, ಎಂಎಸ್ಸಿ ಮುಗಿಸಿ ಮೊದಲ ಸಲ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಹಾಕುತ್ತಿರುವವರಿಗಾದರೂ ಇದು ಕೆಲಸಕ್ಕೆ ಬರಲಿ ಅನ್ನೋ ಆಸೆ.

ಮೊದಲು ಬ್ಯಾಕ್ಸ್ ಬಗ್ಗೆ. ಇದು 192 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್, ತೂಕ ಸುಮಾರು 21 ಕಿಲೊಡಾಲ್ಟನ್. 1993ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸ್ಟ್ಯಾನ್ಲಿ ಕೋರ್ಸ್‌ಮೇಯರ್ ಅವರ ಲ್ಯಾಬ್‌ನವರು ಬಿಸಿಎಲ್-2 ಅನ್ನೋ ಪ್ರೋಟೀನ್‌ಗೆ ಅಂಟಿಕೊಂಡು ಬರುವ ಜೊತೆಗಾರನಾಗಿ ಇದನ್ನು ಕಂಡುಹಿಡಿದರು. ಬಿಸಿಎಲ್-2 ಕೋಶವನ್ನು ಉಳಿಸುತ್ತದೆ, ಬ್ಯಾಕ್ಸ್ ಸಾಯಿಸುತ್ತದೆ. ಆರೋಗ್ಯವಾಗಿರುವ ಕೋಶದಲ್ಲಿ ಬ್ಯಾಕ್ಸ್ ಹೆಚ್ಚಿನ ಪಾಲು ಕೋಶದ ರಸದಲ್ಲಿ ಸುಮ್ನೆ ಒಂಟಿಯಾಗಿ ತೇಲಿಕೊಂಡಿರುತ್ತದೆ. ಸಾಯುವ ಸೂಚನೆ ಬಂತು ಅಂದರೆ ತನ್ನ ಆಕಾರ ಬದಲಿಸಿಕೊಂಡು ಮೈಟೊಕಾಂಡ್ರಿಯಾದ ಹೊರಪೊರೆಗೆ ಹೋಗಿ ನಾಟಿಕೊಳ್ಳುತ್ತದೆ, ಹಲವು ಬ್ಯಾಕ್ಸ್‌ಗಳು ಒಟ್ಟು ಸೇರಿ ಅಲ್ಲಿ ತೂತು ಮಾಡುತ್ತವೆ, ತೂತಿನಿಂದ ಸೈಟೊಕ್ರೋಮ್ ಸಿ ಅನ್ನೋ ಪ್ರೋಟೀನ್ ಹೊರಗೆ ಸುರಿಯುತ್ತದೆ, ಅಲ್ಲಿಂದ ಮುಂದೆ ಕ್ಯಾಸ್ಪೇಸ್ ಅನ್ನೋ ಕಿಣ್ವಗಳು ಎದ್ದು ಕೋಶವನ್ನು ಒಳಗಿನಿಂದಲೇ ಕತ್ತರಿಸಿ ಮುಗಿಸುತ್ತವೆ. ಇದೇ ಅಪೊಪ್ಟೋಸಿಸ್, 1972ರಲ್ಲಿ ಕೆರ್, ವೈಲಿ ಮತ್ತು ಕರಿ ಹೆಸರಿಟ್ಟ ಸಾವು. ಹೊಟ್ಟೆಯೊಳಗಿನ ಮಗುವಿನ ಬೆರಳುಗಳ ನಡುವಿನ ಪೊರೆ ಹೋಗಿ ಬೆರಳು ಬಿಡಿಬಿಡಿಯಾಗುವುದು ಹೀಗೆ ಕೋಶಗಳು ಸಾಯುವುದರಿಂದ. ಕ್ಯಾನ್ಸರ್‌ನಲ್ಲಿ ಕೆಡುವುದೂ ಇದೇ ವ್ಯವಸ್ಥೆ. 2016ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಅನುಮತಿ ಸಿಕ್ಕ ವೆನೆಟೊಕ್ಲಾಕ್ಸ್ ಮಾತ್ರೆ ಬಿಸಿಎಲ್-2ವನ್ನು ಹಿಡಿದು ಕಟ್ಟಿಹಾಕುತ್ತದೆ, ಆಗ ಬ್ಯಾಕ್ಸ್‌ಗೂ ಅದರ ಸೋದರ ಬ್ಯಾಕ್‌ಗೂ ತಡೆ ಇಲ್ಲದಂತಾಗುತ್ತದೆ.

ಈಗ ನಮ್ಮ ತೊಂದರೆ ನೋಡಿ. ಬ್ಯಾಕ್ಸ್ ಎಷ್ಟಿದೆ ಅಂತ ಅಳೆದರೆ ಏನೂ ಗೊತ್ತಾಗಲ್ಲ. ಬದುಕಿರುವ ಕೋಶದಲ್ಲೂ ಅಷ್ಟೇ ಇರುತ್ತದೆ, ಸಾಯುತ್ತಿರುವ ಕೋಶದಲ್ಲೂ ಬಹಳಷ್ಟು ಸಲ ಅಷ್ಟೇ ಇರುತ್ತದೆ. ಬದಲಾಗೋದು ಆಕಾರ. ಮಾಮೂಲಿ ವೆಸ್ಟರ್ನ್ ಬ್ಲಾಟ್‌ನಲ್ಲಿ ಸ್ಯಾಂಪಲ್ ಅನ್ನು ಎಸ್‌ಡಿಎಸ್ ಅನ್ನೋ ಡಿಟರ್ಜೆಂಟ್ ಹಾಕಿ ಕುದಿಸುತ್ತೇವೆ, ಆಗ ಪ್ರೋಟೀನ್ ಪೂರ್ತಿ ಬಿಚ್ಚಿ ದಾರದಂತಾಗುತ್ತದೆ, ಆಕಾರದ ಮಾಹಿತಿಯೆಲ್ಲ ಅಲ್ಲಿಗೆ ಮುಗಿಯಿತು. ಹೀಗಾಗಿ ಕೋಶದೊಳಗೆ ಬ್ಯಾಕ್ಸ್ ಇದ್ದ ಆಕಾರದಲ್ಲೇ ಅದನ್ನು ಹಿಡಿಯಬಲ್ಲ ಆಂಟಿಬಾಡಿ ಬೇಕು.

6ಎ7 ಅಂಥದ್ದು. ಇಲಿಯ ಮಾನೊಕ್ಲೋನಲ್, ಐಜಿಜಿ1 ಅನ್ನೋ ಆಂಟಿಬಾಡಿ ಜಾತಿ. ಮಾನೊಕ್ಲೋನಲ್ ಅಂದರೆ ಆಂಟಿಬಾಡಿ ತಯಾರಿಸುವ ಒಂದೇ ಬಿ ಕೋಶದ ವಂಶದಿಂದ ಬರುವ, ಎಲ್ಲವೂ ಒಂದೇ ತರ ಇರುವ ಆಂಟಿಬಾಡಿ. ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿಕೊಟ್ಟ ವಿಧಾನ. 6ಎ7 ಹಿಡಿಯೋದು ಬ್ಯಾಕ್ಸ್‌ನ ಮುಂತುದಿಗೆ ಹತ್ತಿರದ ಒಂದು ಸಣ್ಣ ತುಂಡನ್ನು, 12ರಿಂದ 24ನೇ ಅಮೈನೋ ಆಮ್ಲಗಳ ಆಸುಪಾಸು. ಮಡಚಿದ ಕೊಡೆಯಲ್ಲಿ ಒಳಗಿನ ಕಡ್ಡಿಗಳು ಕಾಣಲ್ಲ, ಬಿಚ್ಚಿದಾಗ ಕಾಣುತ್ತವೆ ಅಲ್ವಾ, ಹಾಗೆ ಬ್ಯಾಕ್ಸ್ ತೆಪ್ಪಗಿರುವಾಗ ಈ ತುಂಡು ಒಳಗೆ ಸೇರಿಕೊಂಡಿರುತ್ತದೆ, ಆಕಾರ ಬದಲಾದಾಗ ಹೊರಗೆ ಬರುತ್ತದೆ. ಹೊರಗೆ ಬಂದಾಗ ಮಾತ್ರ 6ಎ7 ಅಂಟುತ್ತದೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ರಿಚರ್ಡ್ ಯೂಲ್ ಮತ್ತು ಅವರ ಜೊತೆಗಿದ್ದ ಯಿ-ಟೆ ಶೂ, 1997-98ರ ಹೊತ್ತಿಗೆ.

ಅವರ ಆ ಕೆಲಸದಲ್ಲೇ ಇನ್ನೊಂದು ಸಂಗತಿ ಇತ್ತು. ನನ್ನ ಪ್ರಕಾರ ಈ ಆಂಟಿಬಾಡಿ ಬಳಸುವ ಪ್ರತಿಯೊಬ್ಬರೂ ಮೊದಲು ತಿಳಿಯಬೇಕಾದದ್ದು ಅದನ್ನೇ. ಕೋಶ ಒಡೆಯೋಕೆ ನಾವು ದಿನಾ ಬಳಸುವ ಟ್ರೈಟಾನ್ ಎಕ್ಸ್-100, ಎನ್‌ಪಿ-40 ಅನ್ನೋ ಡಿಟರ್ಜೆಂಟ್‌ಗಳು ತಾವೇ ಬ್ಯಾಕ್ಸ್‌ನ ಆಕಾರ ಬದಲಿಸಿಬಿಡುತ್ತವೆ. ಪೂರ್ತಿ ಆರೋಗ್ಯವಾಗಿದ್ದ ಕೋಶವನ್ನು ಟ್ರೈಟಾನ್‌ನಲ್ಲಿ ಒಡೆದರೂ 6ಎ7ಗೆ ಕೈತುಂಬಾ ಬ್ಯಾಕ್ಸ್ ಸಿಗುತ್ತದೆ! ಚಾಪ್ಸ್ ಅನ್ನೋ ಡಿಟರ್ಜೆಂಟ್‌ನಲ್ಲಿ ಒಡೆದರೆ ಬ್ಯಾಕ್ಸ್ ಇದ್ದ ಹಾಗೇ ಉಳಿಯುತ್ತದೆ. ಬ್ಯಾಕ್ಸ್ ಮತ್ತು ಅದರ ಬಂಧುಗಳು ಒಂದಕ್ಕೊಂದು ಅಂಟಿಕೊಳ್ಳೋದು ಕೂಡ ಟ್ರೈಟಾನ್ ತರದ ಡಿಟರ್ಜೆಂಟ್‌ನಲ್ಲಿ ಕಾಣುತ್ತದೆ, ಚಾಪ್ಸ್‌ನಲ್ಲಿ ಕಾಣಲ್ಲ ಅಂತ ಅವರೇ ತೋರಿಸಿದರು. ಕೋಶದಲ್ಲಿ ನಡೆದದ್ದು ಯಾವುದು, ಟ್ಯೂಬ್‌ನಲ್ಲಿ ನಾವೇ ಮಾಡಿದ್ದು ಯಾವುದು ಅನ್ನೋ ಪ್ರಶ್ನೆ ಇಷ್ಟು ನೇರವಾಗಿ ಎದುರಾಗುವ ಜಾಗ ಬೇರೆ ಕಡೆ ನಾನು ನೋಡಿಲ್ಲ.

ಆಂಟಿಬಾಡಿ ತರಿಸೋದೇ ಒಂದು ಪ್ರಕರಣ. ಇಲ್ಲಿನ ಲ್ಯಾಬ್‌ಗಳಲ್ಲಿ ಇರುವವರಿಗೆ ಗೊತ್ತು, ಕೊಟೇಶನ್, ಇಂಡೆಂಟ್, ಅಕೌಂಟ್ಸ್ ಸೆಕ್ಷನ್‌ನ ಸಹಿ, ಆಮೇಲೆ ಹೊರದೇಶದಿಂದ ಬರೋವರೆಗೆ ಕಾಯೋದು. ನೂರು ಮೈಕ್ರೋಗ್ರಾಂ ಬಾಟಲಿಗೆ ಒಬ್ಬ ಜೂನಿಯರ್ ಫೆಲೋನ ತಿಂಗಳ ಸ್ಟೈಪೆಂಡ್‌ಗಿಂತ ಜಾಸ್ತಿ ಅಂತ ಹೇಳಿದರೂ ಅಚ್ಚರಿಪಡಬೇಡಿ. ನಮ್ಮ ಪಾರ್ಸೆಲ್ ವಾರಾಂತ್ಯದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡು ತಡವಾಗಿ ಬಂತು. ಥರ್ಮೋಕೋಲ್ ಡಬ್ಬಿ ತೆಗೆದಾಗ ಒಳಗಿನ ಜೆಲ್ ಪ್ಯಾಕ್ ಪೂರ್ತಿ ಕರಗಿ ರೂಮಿನಷ್ಟೇ ಬೆಚ್ಚಗಿತ್ತು. ತಂದುಕೊಟ್ಟ ಏಜೆನ್ಸಿಗೆ ಫೋನ್ ಮಾಡಿದರೆ "ಏನೂ ಆಗಲ್ಲ ಮೇಡಂ, ಆಂಟಿಬಾಡಿ ಗಟ್ಟಿ ಇರುತ್ತೆ, ಬಳಸಿ ನೋಡಿ" ಅಂದರು. ಐಜಿಜಿ ನಿಜವಾಗಿಯೂ ಗಟ್ಟಿ ಪ್ರೋಟೀನ್, ಒಂದೆರಡು ದಿನ ಬೆಚ್ಚಗಿದ್ದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಆದರೆ ಆ ಮಾತಿನ ಮೇಲೆ ಒಂದು ಪಿಎಚ್‌ಡಿ ಅಧ್ಯಾಯ ಕಟ್ಟೋಕಾಗುತ್ತಾ? ಡಬ್ಬಿಯ ಫೋಟೋ ತೆಗೆದಿಟ್ಟೆವು, ಈಮೇಲ್‌ನಲ್ಲಿ ಬರೆದು ಕಳಿಸಿದೆವು, ಲಾಟ್ ನಂಬರ್ ನೋಟ್‌ಬುಕ್‌ನಲ್ಲಿ ಬರೆದೆ. ಆಮೇಲೆ ಸಣ್ಣ ಸಣ್ಣ ಭಾಗ ಮಾಡಿ ಫ್ರೀಜರ್‌ಗೆ ಹಾಕಿದೆ, ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸುವುದು ಬೇಡ ಅಂತ.

ನನ್ನ ಗೈಡ್‌ಗೆ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ. "ಆಂಟಿಬಾಡಿ ಬದುಕಿದೆಯಾ ಅಂತ ಹೇಗೆ ತಿಳಿಯುತ್ತೀಯಮ್ಮ?"

ಟ್ರೈಟಾನ್‌ನಿಂದಲೇ ತಿಳಿಯಬಹುದು ಅಂದೆ. ಯಾವ ಗುಣದಿಂದ ಟ್ರೈಟಾನ್ ಈ ಪ್ರಯೋಗವನ್ನು ಕೆಡಿಸುತ್ತದೋ ಅದೇ ಗುಣ ಇಲ್ಲಿ ನಮಗೆ ಅನುಕೂಲ. ಟ್ರೈಟಾನ್‌ನಲ್ಲಿ ಒಡೆದ ಆರೋಗ್ಯವಂತ ಕೋಶದಿಂದ 6ಎ7 ಬ್ಯಾಕ್ಸ್ ಅನ್ನು ಹಿಡಿಯಲೇಬೇಕು. ಹಿಡಿಯಲಿಲ್ಲ ಅಂದರೆ ಆಂಟಿಬಾಡಿ ಸತ್ತಿದೆ ಅಥವಾ ಬೀಡ್ಸ್ (ಆಂಟಿಬಾಡಿಯನ್ನು ಹಿಡಿದು ದ್ರವದಿಂದ ಹೊರತೆಗೆಯುವ ಸಣ್ಣ ಮಣಿಗಳು) ಸರಿ ಇಲ್ಲ. ಅವರಿಗೆ ಇದು ಹಿಡಿಸಿತು. "ಸರಿ, ಹಾಗಾದರೆ ಕಾಂಪೌಂಡ್ ಮುಟ್ಟಬೇಡ ಈಗಲೇ. ಮೊದಲು ಆಂಟಿಬಾಡಿಯ ಪರೀಕ್ಷೆ ಮುಗಿಯಲಿ" ಅಂದರು. ಪ್ರಾಜೆಕ್ಟ್ ವರದಿ ಕೊಡೋ ದಿನ ಹತ್ತಿರ ಇದ್ದಾಗ ಹೀಗೆ ಹೇಳುವ ಗೈಡ್ ಸಿಗೋದು ಅದೃಷ್ಟ.

ಬ್ಯಾಕ್ಸ್ ಇಲ್ಲವೇ ಇಲ್ಲದ ಕೋಶವೂ ಬೇಕಿತ್ತು. ಆಂಟಿಬಾಡಿ ಏನನ್ನೋ ಹಿಡಿದು ಬ್ಲಾಟ್‌ನಲ್ಲಿ ಬ್ಯಾಂಡ್, ಅಂದರೆ ಗೆರೆ, ತೋರಿಸಿದರೆ ಅದು ಬ್ಯಾಕ್ಸ್ ಅಂತ ಹೇಗೆ ನಂಬೋದು? ಆ ಪ್ರೋಟೀನ್‌ನ ಜೀನ್ ತೆಗೆದುಹಾಕಿದ ಕೋಶದಲ್ಲಿ ಆ ಬ್ಯಾಂಡ್ ಮಾಯ ಆಗಬೇಕು. ಇದಕ್ಕಿಂತ ಗಟ್ಟಿ ಪರೀಕ್ಷೆ ಇಲ್ಲ. ನಮ್ಮ ಪುಣ್ಯಕ್ಕೆ ನಾವು ಬಳಸುವ ಎಚ್‌ಸಿಟಿ116 ಅನ್ನೋ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳಲ್ಲೇ ಬ್ಯಾಕ್ಸ್ ತೆಗೆದ ತಳಿ ಇದೆ, ಅಮೆರಿಕದ ಕ್ಯಾನ್ಸರ್ ಸಂಶೋಧಕ ಬರ್ಟ್ ವೋಗೆಲ್‌ಸ್ಟೈನ್ ಅವರ ಲ್ಯಾಬ್‌ನವರು 2000ದಲ್ಲಿ ಪ್ರಕಟಿಸಿದ್ದು. ಎಚ್‌ಸಿಟಿ116ರಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆ, ಬ್ಯಾಕ್ಸ್ ಜೀನ್‌ನಲ್ಲಿ ಎಂಟು ಜಿ ಅಕ್ಷರಗಳು ಸಾಲಾಗಿ ಬರುವ ಜಾಗ ಇದೆ, ಅಲ್ಲಿ ತಪ್ಪಾಗಿ ಒಂದು ಪ್ರತಿ ಆಗಲೇ ಹಾಳಾಗಿದೆ. ಉಳಿದ ಒಂದು ಪ್ರತಿಯನ್ನು ಅವರು ತೆಗೆದರು. ಆ ಕೋಶಗಳು ಸುಲಿಂಡಾಕ್, ಇಂಡೊಮೆಥಾಸಿನ್ ಅನ್ನೋ ಉರಿಯೂತದ ಮಾತ್ರೆಗಳಿಗೆ ಸಾಯೋದನ್ನೇ ನಿಲ್ಲಿಸಿದವು, 5-ಫ್ಲೋರೋಯುರಾಸಿಲ್ ಅನ್ನೋ ಕ್ಯಾನ್ಸರ್ ಔಷಧಿಗೆ ಭಾಗಶಃ ಮಾತ್ರ ತಡೆದುಕೊಂಡವು.

ಇದೇ ಊರಿನ ಇನ್ನೊಂದು ಲ್ಯಾಬ್‌ನವರ ಹತ್ತಿರ ಆ ತಳಿ ಇತ್ತು. ಕಾಗದಪತ್ರ ಮಾಡಿಕೊಂಡು ಒಂದು ಫ್ಲಾಸ್ಕ್ ತಂದೆವು. ತಂದ ಕೂಡಲೇ ಮೈಕೋಪ್ಲಾಸ್ಮಾ (ಸಾಕಿದ ಕೋಶಗಳಿಗೆ ಗೊತ್ತಾಗದಂತೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ) ಪರೀಕ್ಷೆ, ಆಮೇಲೆ ಮಾಮೂಲಿ ಬ್ಲಾಟ್‌ನಲ್ಲಿ ಒಟ್ಟು ಬ್ಯಾಕ್ಸ್ ನೋಡಿದೆ. ಮೂಲ ಕೋಶದಲ್ಲಿ 21ರ ಹತ್ತಿರ ಒಳ್ಳೆಯ ಬ್ಯಾಂಡ್, ತೆಗೆದ ತಳಿಯಲ್ಲಿ ಖಾಲಿ. ಇಂಥ ತಳಿ ಸಿಗದವರಿಗೆ ಇನ್ನೊಂದು ದಾರಿ ಇದೆ, ಡಿಯು145 ಅನ್ನೋ ಪ್ರಾಸ್ಟೇಟ್ ಕ್ಯಾನ್ಸರ್ ಕೋಶದಲ್ಲಿ ಬ್ಯಾಕ್ಸ್ ತಾನಾಗಿಯೇ ಇಲ್ಲ. ಬಹಳ ಲ್ಯಾಬ್‌ಗಳ ಫ್ರೀಜರ್‌ನಲ್ಲಿ ಅದು ಇದ್ದೇ ಇರುತ್ತದೆ. ಬೇರೆ ಅಂಗದ ಕೋಶ ಆದ್ದರಿಂದ ಹೋಲಿಕೆ ಅಷ್ಟು ಸರಿಯಾಗಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಕೋಶವನ್ನು ಖಂಡಿತ ಸಾಯಿಸುವ ಒಂದು ವಸ್ತುವೂ ಬೇಕು. ನಾವು ಸ್ಟೌರೋಸ್ಪೋರಿನ್ ಬಳಸಿದೆವು, 1 ಮೈಕ್ರೋಮೋಲಾರ್. ಇದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಬಂದದ್ದು. 1977ರಲ್ಲಿ ಜಪಾನಿನಲ್ಲಿ ಸತೋಶಿ ಓಮುರ ಅವರ ತಂಡ ಇದನ್ನು ಬೇರ್ಪಡಿಸಿತು, ಮುಂದೆ 2015ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಪಡೆದ ಅದೇ ಓಮುರ. ಕೈನೇಸ್ ಅನ್ನೋ ಕಿಣ್ವಗಳನ್ನು ಲೆಕ್ಕವಿಲ್ಲದಷ್ಟು ಒಟ್ಟಿಗೇ ತಡೆಯುತ್ತದೆ, ಅದಕ್ಕೇ ಔಷಧಿಯಾಗಿ ನಡೆಯಲ್ಲ, ಲ್ಯಾಬ್‌ನಲ್ಲಿ ಕೋಶ ಸಾಯಿಸೋಕೆ ಮಾತ್ರ ಎಲ್ಲರಿಗೂ ಬೇಕು.

ಇಲ್ಲಿ ಸಮಯದ ವಿಷಯ ಸ್ವಲ್ಪ ಹೇಳಬೇಕು. ತುಂಬಾ ಹೊತ್ತು ಬಿಟ್ಟರೆ ಕೋಶಗಳು ಉದುರಿ, ಒಡೆದು, ಪ್ರೋಟೀನ್‌ಗಳು ಕತ್ತರಿಸಿಹೋಗುತ್ತವೆ. ಬ್ಯಾಕ್ಸ್ ಅನ್ನೇ ಕ್ಯಾಲ್ಪೇನ್ ಅನ್ನೋ ಕಿಣ್ವ ಮುಂತುದಿಯ ಹತ್ತಿರ ಕತ್ತರಿಸಿ 18 ಕಿಲೊಡಾಲ್ಟನ್ ತುಂಡು ಮಾಡುತ್ತದೆ. 6ಎ7 ಹಿಡಿಯುವ ಭಾಗ ಹಾಗೆ ಕತ್ತರಿಸಿಹೋದ ಮುಂತುದಿಯಲ್ಲೇ ಇರೋದು. ಅಂದರೆ ಕೋಶ ಜಾಸ್ತಿ ಸತ್ತಷ್ಟೂ ನಮ್ಮ ಬ್ಯಾಂಡ್ ಮಂಕಾಗಬಹುದು! ಸುಮ್ನೆ ಬ್ಲಾಟ್ ನೋಡಿದವರು "ಔಷಧಿ ಕೆಲಸ ಮಾಡಲಿಲ್ಲ" ಅಂದುಕೊಳ್ಳುತ್ತಾರೆ. ಹೀಗಾಗಿ ಬೇಗ ಬೇಗ, ಬೇರೆ ಬೇರೆ ಹೊತ್ತಿಗೆ ಕೋಶ ತೆಗೆದು ನೋಡಿದೆ. ಜೊತೆಗೆ ಜೆಡ್‌-ವ್ಯಾಡ್ ಅನ್ನೋ ಕ್ಯಾಸ್ಪೇಸ್ ತಡೆಯುವ ವಸ್ತು ಹಾಕಿದ ಡಿಶ್‌ಗಳನ್ನೂ ಇಟ್ಟೆ. ಸ್ಟೌರೋಸ್ಪೋರಿನ್‌ನಂಥ ವಸ್ತು ಹಾಕಿದಾಗ ಬ್ಯಾಕ್ಸ್ ಬಿಚ್ಚಿಕೊಳ್ಳೋದು ಕ್ಯಾಸ್ಪೇಸ್‌ಗಳು ಏಳೋದಕ್ಕಿಂತ ಮೊದಲಿನ ಹೆಜ್ಜೆ, ಹಾಗಾಗಿ ಕ್ಯಾಸ್ಪೇಸ್ ತಡೆದರೂ ಬ್ಯಾಕ್ಸ್ ಬಿಚ್ಚಿಕೊಳ್ಳುತ್ತದೆ, ಕೋಶ ಮಾತ್ರ ಚೂರಾಗದೆ ಕೈಗೆ ಸಿಗುತ್ತದೆ. ಈ ಒಂದು ಸೇರ್ಪಡೆಯಿಂದ ನಮ್ಮ ಬ್ಲಾಟ್‌ಗಳು ಎಷ್ಟು ಸ್ವಚ್ಛವಾದವು ಅಂದರೆ, ಈಗ ಅದಿಲ್ಲದೆ ಈ ಪ್ರಯೋಗ ಮಾಡಲ್ಲ.

ಇನ್ನೊಂದು ಸಣ್ಣ ಎಚ್ಚರಿಕೆ. ಕೋಶಗಳನ್ನು ಟ್ರಿಪ್ಸಿನ್ ಅನ್ನೋ ಕಿಣ್ವ ಹಾಕಿ ಎಬ್ಬಿಸದೆ ಡಿಶ್ ಮೇಲೇ ಒಡೆದೆವು. ಸ್ತನದ ಎಪಿಥೀಲಿಯಲ್ ಕೋಶಗಳಲ್ಲಿ ಅವು ಅಂಟಿಕೊಂಡ ಜಾಗದಿಂದ ಬಿಡಿಸಿದರೆ ಸಾಕು ಬ್ಯಾಕ್ಸ್ ಮೈಟೊಕಾಂಡ್ರಿಯಾಕ್ಕೆ ಓಡುತ್ತದೆ ಅಂತ 2000ದಲ್ಲೇ ಬಂದಿದೆ. ನಮ್ಮ ಕೋಶದಲ್ಲಿ ಆಗುತ್ತೋ ಇಲ್ಲವೋ, ಆ ಸಂಶಯಕ್ಕೇ ಜಾಗ ಯಾಕೆ? ಮೇಲೆ ತೇಲುತ್ತಿದ್ದ ಸತ್ತ ಕೋಶಗಳನ್ನು ಬಿಸಾಡದೆ ಅವನ್ನೂ ಸೇರಿಸಿಕೊಂಡೆವು. ಬಿಸಾಡಿದರೆ ನಾವು ಹುಡುಕುತ್ತಿರುವುದನ್ನೇ ಸಿಂಕ್‌ಗೆ ಸುರಿದ ಹಾಗೆ.

ಬಫರ್ ಸರಳ. 1% ಚಾಪ್ಸ್, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 10 ಮಿಲಿಮೋಲಾರ್ ಹೆಪೀಸ್, ಪಿಎಚ್ 7.4, ಜೊತೆಗೆ ಪ್ರೋಟಿಯೇಸ್ ತಡೆಯುವ ಮಿಶ್ರಣ. ಐಸ್ ಮೇಲೆ ಅರ್ಧ ಗಂಟೆ ಇಟ್ಟು, ತಣ್ಣಗಿನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ನೀರು ತೆಗೆಯೋದು. ಪ್ರೋಟೀನ್ ಅಳೆದು ಎಲ್ಲ ಟ್ಯೂಬ್‌ಗೂ 500 ಮೈಕ್ರೋಗ್ರಾಂ ಹಾಕಿದೆ. ಬರೀ ಬೀಡ್ಸ್ ಹಾಕಿ ಒಮ್ಮೆ ತೊಳೆದುಕೊಂಡೆ, ಬೀಡ್ಸ್‌ಗೇ ಅಂಟುವ ಕಸ ಹೋಗಲಿ ಅಂತ. ಆಮೇಲೆ 2 ಮೈಕ್ರೋಗ್ರಾಂ 6ಎ7, ರಾತ್ರಿಯಿಡೀ ಕೋಲ್ಡ್ ರೂಮ್‌ನಲ್ಲಿ ನಿಧಾನವಾಗಿ ತಿರುಗಿಸೋದು, ಬೆಳಗ್ಗೆ ಪ್ರೋಟೀನ್ ಜಿ ಬೀಡ್ಸ್. ತೊಳೆಯುವ ಬಫರ್‌ನಲ್ಲೂ ಚಾಪ್ಸೇ ಇರಬೇಕು. ನಮ್ಮ ಲ್ಯಾಬ್‌ನ ಐಪಿ (ಇಮ್ಯುನೊಪ್ರೆಸಿಪಿಟೇಶನ್, ಹೀಗೆ ಆಂಟಿಬಾಡಿಯಿಂದ ಪ್ರೋಟೀನ್ ಹಿಡಿದು ತೆಗೆಯುವ ವಿಧಾನ) ಪ್ರೋಟೋಕಾಲ್‌ನಲ್ಲಿ ತೊಳೆಯೋಕೆ ಟ್ರೈಟಾನ್ ಬಫರ್ ಅಂತ ಅಚ್ಚಾಗಿದೆ, ಬೇರೆ ಎಲ್ಲ ಪ್ರೋಟೀನ್‌ಗೂ ಅದು ಸರಿ. ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಚಿತ್ರದುರ್ಗದ ಹುಡುಗಿ ಆ ಹಾಳೆ ನೋಡಿ "ಅಕ್ಕ, ಇದರಲ್ಲಿ ತೊಳೆದರೂ ಬ್ಯಾಕ್ಸ್ ಬಿಚ್ಚಿಕೊಳ್ಳುತ್ತಲ್ವಾ?" ಅಂತ ಕೇಳಿದಳು. ಕೆಲಸ ಕೈಗೆ ಹತ್ತುವ ಮೊದಲೇ ಆ ಪ್ರಶ್ನೆ ಹೊಳೆದದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ಕೆಂಪು ಪೆನ್ನಿನಲ್ಲಿ ಆ ಸಾಲು ಹೊಡೆದು ಚಾಪ್ಸ್ ಅಂತ ಬರೆದಿಟ್ಟೆವು.

ಬ್ಲಾಟ್ ಹಂತದಲ್ಲಿ ಒಂದು ಗೋಜಲಿದೆ. ಬೀಡ್ಸ್ ಕುದಿಸಿದಾಗ ಬ್ಯಾಕ್ಸ್ ಜೊತೆ 6ಎ7 ಕೂಡ ಬಿಡಿಸಿಕೊಂಡು ಜೆಲ್‌ಗೆ ಬರುತ್ತದೆ. ಆಂಟಿಬಾಡಿಯ ಹಗುರ ಸರಪಳಿ ಸುಮಾರು 25 ಕಿಲೊಡಾಲ್ಟನ್, ಬ್ಯಾಕ್ಸ್ 21. ಎರಡೂ ಪಕ್ಕಪಕ್ಕ ನಿಲ್ಲುತ್ತವೆ. ಇಲಿಯ ಆಂಟಿಬಾಡಿಯನ್ನೇ ಬ್ಲಾಟ್‌ಗೂ ಬಳಸಿದರೆ ಆ ಹಗುರ ಸರಪಳಿ ದಪ್ಪ ಮಸಿಯಂತೆ ಬಂದು ಬ್ಯಾಕ್ಸ್ ಬ್ಯಾಂಡ್ ಅನ್ನು ಮುಚ್ಚಿಬಿಡುತ್ತದೆ. ನಾವು ಬ್ಲಾಟ್‌ಗೆ ಮೊಲದ ಆಂಟಿಬಾಡಿ ತೆಗೆದುಕೊಂಡೆವು, ಬ್ಯಾಕ್ಸ್ ಯಾವ ಆಕಾರದಲ್ಲಿದ್ದರೂ ಹಿಡಿಯುವಂಥದ್ದು, ಅದರ ಮೇಲೆ ಇಲಿಯ ಐಜಿಜಿಗೆ ಅಂಟದ ಹಾಗೆ ಶುದ್ಧ ಮಾಡಿದ ಸೆಕೆಂಡರಿ, ಅಂದರೆ ಮೊಲದ ಆಂಟಿಬಾಡಿಗೆ ಅಂಟಿ ಅದನ್ನು ತೋರಿಸಿಕೊಡುವ ಎರಡನೇ ಆಂಟಿಬಾಡಿ. ಜೆಲ್ 15% ಹಾಕಿ, ಬಣ್ಣದ ಗೆರೆ ಕೆಳಗೆ ಇಳಿದ ಮೇಲೂ ಸ್ವಲ್ಪ ಓಡಿಸಿ 21 ಮತ್ತು 25ರ ನಡುವೆ ಅಂತರ ತೆಗೆದೆವು. ಚಿಕ್ಕ ಪ್ರೋಟೀನ್ ಆದ್ದರಿಂದ ಬ್ಲಾಟ್‌ಗೆ 0.2 ಮೈಕ್ರಾನ್ ರಂಧ್ರದ ಪಿವಿಡಿಎಫ್ ಹಾಳೆ. ಇಷ್ಟೆಲ್ಲ ಮಾಡಿದರೂ 25ರಲ್ಲಿ ಒಂದು ತೆಳು ನೆರಳು ಬಂದೇ ಬರುತ್ತದೆ. ಬರಲಿ, ಎಲ್ಲಿ ಬರುತ್ತದೆ ಅಂತ ಗೊತ್ತಿದ್ದರೆ ಸಾಕು. ಬ್ಯಾಕ್ಸ್ ಇಲ್ಲದ ಕೋಶದ ಲೇನ್ (ಜೆಲ್‌ನಲ್ಲಿ ಆ ಸ್ಯಾಂಪಲ್ ಓಡಿದ ಸಾಲು) ಅದನ್ನು ತೋರಿಸಿಕೊಡುತ್ತದೆ.

ಲೇನ್‌ಗಳ ಸಾಲು ಹೀಗಿತ್ತು. ಏನೂ ಹಾಕದ ಕೋಶ ಚಾಪ್ಸ್‌ನಲ್ಲಿ, ಸ್ಟೌರೋಸ್ಪೋರಿನ್ ಹಾಕಿದ್ದು ಚಾಪ್ಸ್‌ನಲ್ಲಿ, ಏನೂ ಹಾಕದ್ದು ಟ್ರೈಟಾನ್‌ನಲ್ಲಿ, ಬ್ಯಾಕ್ಸ್ ಇಲ್ಲದ ತಳಿ ಸ್ಟೌರೋಸ್ಪೋರಿನ್ ಜೊತೆ, ಮತ್ತೆ 6ಎ7 ಬದಲು ಯಾವುದಕ್ಕೂ ಸಂಬಂಧವಿಲ್ಲದ ಇಲಿಯ ಐಜಿಜಿ1. ಪಕ್ಕದ ಜೆಲ್‌ನಲ್ಲಿ ಐಪಿಗೆ ಮೊದಲಿನ ಲೈಸೇಟ್ (ಕೋಶ ಒಡೆದ ದ್ರವ), ಒಟ್ಟು ಬ್ಯಾಕ್ಸ್ ಎಲ್ಲ ಕಡೆ ಸಮ ಇದೆಯಾ ಅಂತ ನೋಡೋಕೆ.

ಇಮೇಜರ್ ಪರದೆ ಮೇಲೆ ಮೊದಲು ಮೂಡಿದ್ದು ಟ್ರೈಟಾನ್ ಲೇನ್. ಆರೋಗ್ಯವಾಗಿದ್ದ ಕೋಶದ ಬ್ಯಾಕ್ಸ್ ದಪ್ಪಗೆ ಕಾಣುತ್ತಿತ್ತು. ಪಾರ್ಸೆಲ್ ಬೆಚ್ಚಗಾಗಿದ್ದರೂ ಆಂಟಿಬಾಡಿ ಬದುಕಿದೆ ಅಂತ ಅಲ್ಲೇ ಖಾತ್ರಿಯಾಯಿತು. ಆಮೇಲೆ ಸ್ಟೌರೋಸ್ಪೋರಿನ್ ಚಾಪ್ಸ್ ಲೇನ್‌ನಲ್ಲಿ ಬ್ಯಾಂಡ್ ಬಂತು, ಟ್ರೈಟಾನ್‌ನಷ್ಟು ದಪ್ಪ ಇರಲಿಲ್ಲ, ಇರಬಾರದು ಕೂಡ, ಯಾಕೆಂದರೆ ಆ ಹೊತ್ತಿಗೆ ಎಲ್ಲ ಬ್ಯಾಕ್ಸ್ ಬಿಚ್ಚಿಕೊಂಡಿರಲ್ಲ. ಏನೂ ಹಾಕದ ಚಾಪ್ಸ್ ಲೇನ್ ಖಾಲಿ. ಜಾಸ್ತಿ ಹೊತ್ತು ಎಕ್ಸ್‌ಪೋಸ್ ಮಾಡಿದಾಗ ಒಂದು ಮಸುಕು ಗೆರೆ ಕಂಡಿತು, ಯಾವ ಡಿಶ್‌ನಲ್ಲೂ ಒಂದಿಷ್ಟು ಕೋಶ ಸಾಯುತ್ತಲೇ ಇರುತ್ತವೆ. ಬ್ಯಾಕ್ಸ್ ಇಲ್ಲದ ತಳಿಯಲ್ಲಿ 21ರ ಜಾಗ ಪೂರ್ತಿ ಸ್ವಚ್ಛ, ಮೇಲೆ 25ರ ನೆರಳು ಮಾತ್ರ. ಐಜಿಜಿ1 ಲೇನ್‌ನಲ್ಲೂ ಅಷ್ಟೇ. ಒಟ್ಟು ಬ್ಯಾಕ್ಸ್ ಮೂಲ ಕೋಶದ ಲೇನ್‌ಗಳಲ್ಲೆಲ್ಲ ಸಮ.

ಮೊದಲ ಮೂರು ಲೇನ್ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಂದೇ ಕೋಶ, ಒಂದೇ ಪ್ರೋಟೀನ್, ಅಷ್ಟೇ ಪ್ರಮಾಣ. ಒಡೆದ ಡಿಟರ್ಜೆಂಟ್ ಒಂದು ಬದಲಾದರೆ "ಬದುಕಿದೆ" ಅನ್ನೋ ಉತ್ತರ "ಸಾಯುತ್ತಿದೆ" ಅಂತ ಆಗಿಬಿಡುತ್ತದೆ. ಪೇಪರ್‌ನಲ್ಲಿ ಓದಿದ್ದು ನಿಜ, ಆದರೂ ಕಣ್ಣಾರೆ ನೋಡಿದಾಗ ಅದರ ತೂಕವೇ ಬೇರೆ. ಆವತ್ತಿನಿಂದ ಯಾರ ಪೇಪರ್ ಓದಿದರೂ 6ಎ7 ಅಂತ ಕಂಡ ಕೂಡಲೇ ಮೆಥಡ್ಸ್ ಭಾಗಕ್ಕೆ ಹೋಗಿ ಬಫರ್ ನೋಡುತ್ತೇನೆ. ಬಫರ್ ಬರೆದಿಲ್ಲ ಅಂದರೆ ಆ ಚಿತ್ರವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಇದು ಕಟುವಾಯಿತು ಅಂತ ನನ್ನ ಸ್ನೇಹಿತರು ಹೇಳುತ್ತಾರೆ, ನನಗೇನೂ ಹಾಗನ್ನಿಸಲ್ಲ.

ಮೈಕ್ರೋಸ್ಕೋಪ್ ಕೆಲಸಕ್ಕೂ ಇದೇ ಆಂಟಿಬಾಡಿ ಬೇಕಿತ್ತು. ಅಲ್ಲಿ ಕೋಶವನ್ನು ಮೊದಲು 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡುತ್ತೇವೆ, ಪ್ರೋಟೀನ್‌ಗಳು ಇದ್ದಲ್ಲೇ ಬಿಗಿಯುತ್ತವೆ, ಹಾಗಾಗಿ ಆಮೇಲೆ ಪೊರೆ ತೂತು ಮಾಡೋಕೆ ಹಾಕುವ ಡಿಟರ್ಜೆಂಟ್‌ನ ಕಾಟ ಕಡಿಮೆ. ಕಡಿಮೆ ಅಂದೆ, ಇಲ್ಲ ಅಂತ ಹೇಳಲಿಲ್ಲ. ಫಿಕ್ಸ್ ಸರಿಯಾಗಿ ಆಗದಿದ್ದರೆ ಟ್ರೈಟಾನ್ ಅಲ್ಲೂ ಆಟ ಆಡಬಹುದು. ನಾವು ಡಿಜಿಟೋನಿನ್ ಬಳಸಿದೆವು. ಸಾಯುತ್ತಿರುವ ಕೋಶಗಳಲ್ಲಿ 6ಎ7 ಚುಕ್ಕೆ ಚುಕ್ಕೆಯಾಗಿ ಕಂಡಿತು, ಆ ಚುಕ್ಕೆಗಳು ಮೈಟೊಕಾಂಡ್ರಿಯಾದ ಗುರುತಾದ ಟಾಮ್20 ಮೇಲೆ ಕೂತಿದ್ದವು. ಪಕ್ಕದ ಆರೋಗ್ಯವಂತ ಕೋಶ ಕಪ್ಪಗಿತ್ತು. ಒಂದೇ ಡಿಶ್‌ನಲ್ಲಿ ಅಕ್ಕಪಕ್ಕದ ಎರಡು ಕೋಶಗಳು ಎರಡು ದಾರಿ ಹಿಡಿದಿರೋದು ಬ್ಲಾಟ್‌ನಲ್ಲಿ ಎಂದೂ ಕಾಣಲ್ಲ. ಬ್ಯಾಕ್ಸ್ ಇಲ್ಲದ ತಳಿಯಲ್ಲಿ ಚುಕ್ಕೆ ಇರಲಿಲ್ಲ, ಆದರೆ ನ್ಯೂಕ್ಲಿಯಸ್ ಸುತ್ತ ತೆಳು ಮಂಜಿನಂಥ ಬೆಳಕು ಇತ್ತು. ಆ ಮಂಜು ಬ್ಯಾಕ್ಸ್‌ನದ್ದಲ್ಲ ಅಂತ ತಿಳಿದದ್ದು ಆ ತಳಿ ಇದ್ದದ್ದರಿಂದ. ಅಲ್ಲಿಂದ ಕ್ಯಾಮೆರಾ ಎಕ್ಸ್‌ಪೋಷರ್ ಅನ್ನು ಆ ತಳಿಯ ಮೇಲೆ ನಿಗದಿ ಮಾಡಿ, ಉಳಿದ ಎಲ್ಲ ಸ್ಲೈಡ್‌ಗೂ ಅದನ್ನೇ ಇಟ್ಟೆ.

ಹಣದ ಮಾತು ಇಲ್ಲಿ ಬಂದೇ ಬರುತ್ತದೆ. ಬ್ಯಾಕ್ಸ್ ಇಲ್ಲದ ಕೋಶ ಸಾಕೋದು, ಐಜಿಜಿ1 ಕೊಳ್ಳೋದು, ಒಂದು ಪ್ರಶ್ನೆಗೆ ಇಷ್ಟು ಲೇನ್ ಹಾಕೋದು ಎಲ್ಲ ಖರ್ಚು. ಗ್ರಾಂಟ್ ತಡವಾಗಿ ಬರುವ ವರ್ಷಗಳಲ್ಲಿ ಮೊದಲು ಕತ್ತರಿ ಬೀಳೋದು ಇಂಥ ಲೇನ್‌ಗಳಿಗೇ. ಹಾಗೆ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಔಷಧಿಯ ಐದು ಡೋಸ್ ತೋರಿಸೋ ಬದಲು ಎರಡೇ ಡೋಸ್ ತೋರಿಸಿ, ಉಳಿದ ಲೇನ್‌ಗಳಲ್ಲಿ ನಾಕ್‌ಔಟ್ (ಜೀನ್ ತೆಗೆದ ಕೋಶ) ಮತ್ತು ಡಿಟರ್ಜೆಂಟ್ ಪರೀಕ್ಷೆ ಹಾಕಿ. ಆಂಟಿಬಾಡಿಗಳ ಬಗ್ಗೆ ಈ ತಕರಾರು ಜಗತ್ತಿನಲ್ಲೆಲ್ಲ ಇದೆ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ ಸಂಶೋಧನೆಗೆ ಬಳಸುವ ಆಂಟಿಬಾಡಿಗಳ ಗುಣಮಟ್ಟ ಸರಿಪಡಿಸಬೇಕು ಅಂತ ಬರೆದಿದ್ದರು. ನಾಕ್‌ಔಟ್ ಕೋಶ ಪಕ್ಕದಲ್ಲಿಟ್ಟು ಪರೀಕ್ಷಿಸೋದು ಈಚೆಗೆ ಎಷ್ಟೋ ಕಡೆ ರೂಢಿಯಾಗುತ್ತಿದೆ. ಪರವಾಗಿಲ್ಲ, ಆದರೆ 6ಎ7 ತರದ್ದಕ್ಕೆ ನಾಕ್‌ಔಟ್ ಒಂದೇ ಸಾಲದು. ನಾಕ್‌ಔಟ್ ಕೋಶ "ಇದು ಬ್ಯಾಕ್ಸ್" ಅಂತ ಹೇಳುತ್ತದೆ. "ಇದು ಕೋಶದೊಳಗೇ ಬಿಚ್ಚಿಕೊಂಡ ಬ್ಯಾಕ್ಸ್" ಅಂತ ಹೇಳೋಕೆ ಚಾಪ್ಸ್‌ನಲ್ಲಿ ಒಡೆದ, ಏನೂ ಹಾಕದ ಕೋಶದ ಆ ಖಾಲಿ ಲೇನ್ ಬೇಕು.

ಇಷ್ಟಾದ ಮೇಲೆ ನಮ್ಮ ಸಂಯುಕ್ತದ ಸರದಿ. ಹಾಕಿದ ಕೋಶಗಳಲ್ಲಿ 6ಎ7 ಬ್ಯಾಂಡ್ ಬಂತು. ಸ್ಟೌರೋಸ್ಪೋರಿನ್‌ಗಿಂತ ನಿಧಾನ, ಹೊತ್ತು ಹೋದಂತೆ ಏರಿತು, ಜೆಡ್‌-ವ್ಯಾಡ್ ಹಾಕಿದರೂ ಉಳಿಯಿತು. ಅಂದರೆ ಬ್ಯಾಕ್ಸ್ ಬಿಚ್ಚಿಕೊಳ್ಳೋದು ಸಾವಿನ ಮೊದಲ ಭಾಗದಲ್ಲೇ ಆಗುತ್ತಿದೆ, ಸತ್ತ ಮೇಲಿನ ಕಸ ಅಲ್ಲ. ಗೈಡ್‌ಗೆ ತೋರಿಸಿದೆ. ಚಿತ್ರ ದೊಡ್ಡದು ಮಾಡಿ ನೋಡಿ, "ಬ್ಯಾಕ್ಸ್ ಇಲ್ಲದ ತಳಿ ಸಾಯಲಿಲ್ಲವಾ ಹಾಗಾದರೆ?" ಅಂದರು.

ಸತ್ತಿತು. ಮೂಲ ಕೋಶಕ್ಕಿಂತ ಕಡಿಮೆ ಸತ್ತಿತು, ಆದರೆ ಸತ್ತಿತು. ಬಹುಶಃ ಬ್ಯಾಕ್ ಅನ್ನೋ ಸೋದರನ ಕೆಲಸ. 2001ರಲ್ಲೇ ಬಂದಿರುವ ವಿಷಯ, ಬ್ಯಾಕ್ಸ್ ಮತ್ತು ಬ್ಯಾಕ್ ಎರಡೂ ಇಲ್ಲದ ಕೋಶಗಳು ಈ ದಾರಿಯ ಸಾವಿಗೆ ಬಗ್ಗಲ್ಲ, ಒಂದು ಉಳಿದರೂ ಇನ್ನೊಂದರ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಬ್ಯಾಕ್ ಆರೋಗ್ಯವಂತ ಕೋಶದಲ್ಲೂ ಮೈಟೊಕಾಂಡ್ರಿಯಾದ ಮೇಲೇ ಕೂತಿರುತ್ತದೆ, ಆದ್ದರಿಂದ ಅದು ಎಲ್ಲಿದೆ ಅಂತ ನೋಡಿ ಪ್ರಯೋಜನ ಇಲ್ಲ, ಅದರ ಮುಂತುದಿ ಹೊರಗೆ ಬಂದಿದೆಯಾ ಅಂತಲೇ ನೋಡಬೇಕು. ಅದಕ್ಕೂ ಆಕಾರ ಗುರುತಿಸುವ ಆಂಟಿಬಾಡಿಗಳು ಇವೆ. ಇಂಡೆಂಟ್ ಹಾಕಿದ್ದೇವೆ. ಈ ಸಲ ಪಾರ್ಸೆಲ್ ಸೋಮವಾರ ಹೊರಡಬೇಕು, ಶುಕ್ರವಾರ ಬೇಡ ಅಂತ ಆರ್ಡರ್‌ನಲ್ಲೇ ಬರೆಸಿದೆ. ಹೊಸ 6ಎ7 ಬಾಟಲಿಯೂ ಅದರ ಜೊತೆಗೇ ಬರುತ್ತಿದೆ, ಲಾಟ್ ಬೇರೆ, ಹಾಗಾಗಿ ಹಳೆಯದರ ಒಂದು ಭಾಗ ಉಳಿಸಿಕೊಂಡಿದ್ದೇನೆ. ಎರಡನ್ನೂ ಒಂದೇ ಲೈಸೇಟ್‌ನಲ್ಲಿ ಪಕ್ಕಪಕ್ಕ ಹಾಕಿ ನೋಡಿದ ಮೇಲೆ ಹೊಸದನ್ನು ಬಳಕೆಗೆ ತೆಗೆದುಕೊಳ್ಳುತ್ತೇವೆ. ಚಾಪ್ಸ್, ಟ್ರೈಟಾನ್ ಎರಡರಲ್ಲೂ.